ಒಂದು ಅಂಗಣ, ಎರಡು ಚೆಂಡಾಟ: ಚೆನ್ನೈನ ನೆಹರೂ ಕ್ರೀಡಾಂಗಣ

ಚೆನ್ನೈ ಸೆಂಟ್ರಲ್ ನಿಲ್ದಾಣದಿಂದ ಅನತಿದೂರದಲ್ಲಿ, ರಿಪನ್ ಕಟ್ಟಡದ ಹಿಂಬದಿಗೆ, ಜವಾಹರಲಾಲ್ ನೆಹರೂ ಕ್ರೀಡಾಂಗಣವಿದೆ. ಉದರನಿಮಿತ್ತವಾಗಿ ಈ ನಗರಕ್ಕೆ ಬಂದ ಕನ್ನಡಿಗರಲ್ಲಿ ಹಿರಿಯರು ಇದನ್ನು ಕಾರ್ಪೊರೇಷನ್ ಸ್ಟೇಡಿಯಂ ಎಂದು ಅರಿತಿದ್ದರು. 1956ರ ಜನವರಿಯಲ್ಲಿ ನ್ಯೂಜಿಲೆಂಡಿನ ಎದುರು ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಮೊದಲ ವಿಕೆಟ್ಟಿಗೆ 413 ಓಟಗಳನ್ನು ಕೂಡಿಸಿದ್ದು ಇಲ್ಲಿಯೇ. ಆ ದಾಖಲೆ 2008ರವರೆಗೂ ಅಳಿಯಲಿಲ್ಲ. ಮುಂದೆ ಟೆಸ್ಟ್ ಪಂದ್ಯಗಳು ಚೇಪಾಕಿಗೆ ಮರಳಿದುವು. 1993ರಲ್ಲಿ ಈ ಸ್ಥಳವು ಕಾಲ್ಚೆಂಡಾಟಕ್ಕೂ ಓಟದ ಸ್ಪರ್ಧೆಗಳಿಗೂ ಒದಗುವಂತೆ ಹೊಸದಾಗಿ ನಿರ್ಮಾಣಗೊಂಡಿತು. 2014ರಿಂದ ಚೆನ್ನೈಯಿನ್ ತಂಡವು ಇದನ್ನು ತನ್ನ ತವರಾಗಿಸಿಕೊಂಡಿತು.

ಇಂತಹ ಅಂಗಣದಲ್ಲಿ ರಗ್ಬಿಗೂ ಪೂರ್ಣ ಪಾಲು ದೊರೆಯಬಲ್ಲುದೆ? ವೇಲ್ಸಿನ ಸ್ವಾನ್ಸಿಯಲ್ಲಿ 2005ರಲ್ಲಿ ತೆರೆದ ಕ್ರೀಡಾಂಗಣವನ್ನು ಕಾಲ್ಚೆಂಡಿನ ಸ್ವಾನ್ಸಿ ಸಿಟಿ ತಂಡವೂ ರಗ್ಬಿಯ ಆಸ್ಪ್ರೇಸ್ ತಂಡವೂ ಹಂಚಿಕೊಂಡುವು. ಅಲ್ಲಿ ಓಟದ ಹಾದಿಯಿಲ್ಲ. ತೊಡಕಿನ ಮೂಲ ಇರುವುದು ಅಲ್ಲಿಯೇ.

ವಿಷಯವು ಅಳತೆಯದು. ಪ್ರಮಾಣಬದ್ಧವಾದ 400 ಮೀಟರ್ ಓಟದ ಹಾದಿಯ ಒಳಗೆ ಎರಡು ನೇರ ಭಾಗಗಳು ತಲಾ 84.39 ಮೀಟರ್, ತುದಿಗಳ ಬಾಗಿನ ತ್ರಿಜ್ಯ 36.5 ಮೀಟರ್. 105 ಮೀಟರ್ ಉದ್ದ, 68 ಮೀಟರ್ ಅಗಲದ ಕಾಲ್ಚೆಂಡಿನ ಅಂಗಣದ ನಾಲ್ಕು ಮೂಲೆಗಳೂ ಈ ಬಾಗಿನೊಳಗೆ ಅಡಗುತ್ತವೆ. ರಗ್ಬಿಗಾದರೋ ಗೋಲುಗೆರೆಗಳ ನಡುವಣ 100 ಮೀಟರ್ ಸಾಲದು. ಚೆಂಡನ್ನು ನೆಲಕ್ಕೊತ್ತಿ ಅಂಕ ಪಡೆಯಲು ಪ್ರತಿ ಗೆರೆಯ ಆಚೆಗೂ ಕನಿಷ್ಠ 6 ಮೀಟರ್ ಬೇಕು. ಒಟ್ಟು ಉದ್ದ 112 ಮೀಟರ್ ಆಗುತ್ತಲೇ ಮೂಲೆಗಳು ಓಟದ ಹಾದಿಯನ್ನು ಮುಟ್ಟುತ್ತವೆ. ನಿಯಮವು ಒಪ್ಪುವ ಅತಿ ಚಿಕ್ಕ ಉದ್ದ 94 ಮೀಟರ್. ಅದನ್ನು ಆಯ್ದರೆ ಅಂಗಣ ಹೇಗೋ ಹಿಡಿಸುತ್ತದೆ. ಆದರೆ ವೇಗದಿಂದ ಓಡಿಬಂದು ಉರುಳುವ ಆಟಗಾರನಿಗೆ ಮೂಲೆಯಲ್ಲಿ ಹುಲ್ಲಿನ ಅಂಚು ಉಳಿಯುವುದಿಲ್ಲ.

ಹುಲ್ಲಿನದೂ ಒಂದು ಸಮಸ್ಯೆ. ರಗ್ಬಿಯಲ್ಲಿ ಎರಡೂ ಪಕ್ಷಗಳ ಎಂಟೆಂಟು ಮಂದಿ ಒತ್ತಿನಿಂತು ತಳ್ಳುವಾಗ ಬೇರುಗಳು ಕಿತ್ತುಬರುತ್ತವೆ. ಚೆನ್ನೈನಲ್ಲಿ ಈಶಾನ್ಯ ಮಾರುತದ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೆಲವನ್ನು ಮೆತ್ತಗಾಗಿಸುತ್ತದೆ.

ಪ್ಯಾರಿಸಿನ ಸ್ಟಾಡ್ ದ ಫ್ರಾನ್ಸ್ ಇದಕ್ಕೊಂದು ಪರಿಹಾರವನ್ನು ತೋರಿದೆ. 1998ರಲ್ಲಿ ಕಾಲ್ಚೆಂಡಿನ, 2007ರಲ್ಲಿ ರಗ್ಬಿಯ ವಿಶ್ವಕಪ್ ಅಂತಿಮ ಪಂದ್ಯಗಳನ್ನು ಕಂಡ ಅಲ್ಲಿನ ಕೆಳಹಂತದ ಆಸನಗಳು ಸರಿಯುವಂಥವು. ಮುಂದೆ ಬಂದಾಗ ಅವು ಓಟದ ಹಾದಿಯನ್ನು ಮುಚ್ಚುತ್ತವೆ, ಪ್ರೇಕ್ಷಕನನ್ನು ಆಟದ ಬಳಿಗೆ ತರುತ್ತವೆ. ಆದರೆ ಅದು ಕಟ್ಟುವ ಮೊದಲೇ ಆದ ನಿರ್ಧಾರ, ಬಹು ವೆಚ್ಚದ್ದು.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೂ ಓಟಗಾರರಿಗೂ ಕಾಲ್ಚೆಂಡಿನವರಿಗೂ ಬಳಕೆಯ ಬಗ್ಗೆ ತಕರಾರು ಎದ್ದದ್ದುಂಟು. ಸಾರ್ವಜನಿಕ ಅಂಗಣದಲ್ಲಿ ಯಾರಿಗೆ ಸ್ಥಳವಿದೆ ಎಂಬುದು ವೇಳಾಪಟ್ಟಿ ಬರೆಯುವಾಗ ತೀರ್ಮಾನವಾಗುವ ಸಂಗತಿಯಲ್ಲ. ನಕ್ಷೆಯ ಮೇಲೆ ಮೊದಲ ಗೆರೆ ಎಳೆಯುವಾಗಲೇ ಅದು ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ.