ಡ್ರೈನ್ ಪ್ಲಗ್ಗಿನ ತುದಿಯ ಅಯಸ್ಕಾಂತ

ಲಾರಿಯ ಹಿಂದಿನ ಡಿಫರೆನ್ಶಿಯಲ್ ಹೌಸಿಂಗಿನ ಅಡಿಗಿರುವ ಡ್ರೈನ್ ಪ್ಲಗ್ ಬಿಚ್ಚಿದರೆ ಅದರ ಒಳತುದಿಗೆ ಕಪ್ಪನೆಯ ಲೇಪವೊಂದು ಅಂಟಿಕೊಂಡಿರುತ್ತದೆ. ಎರಡು ಬೆರಳ ನಡುವೆ ಉಜ್ಜಿದರೆ ಕಾಡಿಗೆಯಂತೆ ಜಾರುತ್ತದೆ, ತರಿತರಿ ತಾಗುವುದಿಲ್ಲ. ಕ್ರೌನು, ಪಿನಿಯನ್ನು ಎಂಬ ಹಲ್ಲುಚಕ್ರಗಳ, ಬೇರಿಂಗುಗಳ ಮೈಯಿಂದ ಸವೆದು ಬಂದ ಉಕ್ಕು ಅದು. ಹಿಡಿದಿಟ್ಟದ್ದು ಪ್ಲಗ್ಗಿನ ತುದಿಯಲ್ಲಿ ಕೂರಿಸಿದ ಚಿಕ್ಕ ಅಯಸ್ಕಾಂತ. ಕರೆಂಟು ಬೇಡ, ಪಂಪು ಬೇಡ, ವರ್ಷಗಟ್ಟಲೆ ಯಾರೂ ವಿಚಾರಿಸದಿದ್ದರೂ ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ಇಡೀ ಗಾಡಿಯಲ್ಲಿ ನನಗೆ ಇದರಷ್ಟು ಗೌರವ ಹುಟ್ಟಿಸುವ ಭಾಗ ಇನ್ನೊಂದಿಲ್ಲ.

ಎಂಜಿನ್ನಿಗೆ ಆಯಿಲ್ ಪಂಪಿದೆ, ಫಿಲ್ಟರ್ ಇದೆ. ಬಹುಪಾಲು ಡಿಫರೆನ್ಶಿಯಲ್‌ಗಳಿಗೆ ಇವೆರಡೂ ಇಲ್ಲ. ಅರ್ಧ ಮುಳುಗಿದ ಕ್ರೌನ್ ಚಕ್ರ ತಿರುಗುತ್ತ ಗೇರ್ ಆಯಿಲ್ಲನ್ನು ಮೇಲಕ್ಕೆ ಎರಚುತ್ತದೆ, ಅದೇ ಸುತ್ತಲ ಬೇರಿಂಗುಗಳಿಗೆ ತಲುಪಬೇಕು. ಒಮ್ಮೆ ಆಯಿಲ್ಲಿಗೆ ಬಿದ್ದ ಉಕ್ಕಿನ ಪುಡಿ ಮುಂದಿನ ಸಲ ಆಯಿಲ್ ಬದಲಿಸುವವರೆಗೂ ಅಲ್ಲೇ ಸುತ್ತುತ್ತಿರುತ್ತದೆ.

ಪುಡಿ ಏಳುವುದಂತೂ ತಪ್ಪುವುದಿಲ್ಲ. 1926ರಲ್ಲಿ ಪ್ಯಾಕಾರ್ಡ್ ಕಾರಿನಲ್ಲಿ ಬಂದ ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಇಳಿಸಿದರು. ಪ್ರೊಪೆಲ್ಲರ್ ಶಾಫ್ಟ್ ತಗ್ಗಿತು, ಕಾರಿನ ನೆಲವೂ ತಗ್ಗಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದಷ್ಟೇ ಸಾಲದೆ ಉದ್ದಕ್ಕೂ ಜಾರತೊಡಗಿತು. ಗಂಧಕ, ರಂಜಕ ಬೆರೆಸಿದ ಜಿಎಲ್-5 ದರ್ಜೆಯ ಆಯಿಲ್ ಬೇಕಾಗುವುದು ಈ ಜಾರಾಟಕ್ಕಾಗಿಯೇ. ತುಂಬಿದ ಲಾರಿ ಶಿರಾಡಿ ಘಾಟಿಯನ್ನು ಸಣ್ಣ ಗೇರಿನಲ್ಲಿ ಹತ್ತುವಾಗ ಎಂಜಿನ್ನಿನ ಎಳೆತವೆಲ್ಲ ಪಿನಿಯನ್ನಿನ ಒಂದೆರಡು ಹಲ್ಲುಗಳ ಮೂಲಕವೇ ಹಾಯಬೇಕು. ಹೊಸ ಕ್ರೌನ್-ಪಿನಿಯನ್ ಹಾಕಿದಾಗ ಹಲ್ಲಿನ ಮೇಲಿನ ಸೂಕ್ಷ್ಮ ಏರುಗಳು ಮುರಿದು ಸಮವಾಗುತ್ತವೆ. ಆದ್ದರಿಂದ ಮೊದಲ ಆಯಿಲ್ ಬದಲಾವಣೆಯಲ್ಲಿ ಪ್ಲಗ್ಗಿಗೆ ಲೇಪ ದಪ್ಪಗಿದ್ದರೆ ಗಾಬರಿಯಾಗಬೇಕಿಲ್ಲ.

ಪುಡಿಯನ್ನು ಹಾಗೇ ಬಿಟ್ಟರೆ? ಗಟ್ಟಿಗೊಳಿಸಿದ ಉಕ್ಕಿನ ಚೂರು ಬೇರಿಂಗಿನ ರೋಲರಿನಡಿ ಸಿಕ್ಕಿ ಅದರ ಹಾದಿಯಲ್ಲಿ ಸಣ್ಣ ಕುಳಿ ಒತ್ತುತ್ತದೆ. ಕುಳಿಯ ಅಂಚು ಉಬ್ಬುತ್ತದೆ, ರೋಲರ್ ಪ್ರತಿ ಸಲ ಹಾದಾಗಲೂ ಆ ಉಬ್ಬಿನ ಮೇಲೆ ಒತ್ತಡ ಬೀಳುತ್ತದೆ, ಕೊನೆಗೆ ಅಲ್ಲಿಂದಲೇ ಉಕ್ಕು ಚಕ್ಕೆ ಏಳುತ್ತದೆ. ಎದ್ದ ಚಕ್ಕೆ ಮತ್ತಷ್ಟು ಕುಳಿ ಮಾಡುತ್ತದೆ.

ಅಯಸ್ಕಾಂತದ ಶಕ್ತಿಗಿಂತ ಅದನ್ನು ಕೂರಿಸುವ ಜಾಗ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೆಳೆತ ಕಣದ ಘನಗಾತ್ರವನ್ನು ಅವಲಂಬಿಸಿದೆ, ಆಯಿಲ್ಲಿನ ತಡೆ ಕಣದ ಅಡ್ಡಳತೆಯನ್ನು. ಹೀಗಾಗಿ ಅಡ್ಡಳತೆ ಅರ್ಧವಾದರೆ ಕಣ ಅಯಸ್ಕಾಂತದತ್ತ ಸರಿಯುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ವಲ್ಪ ದೂರ ಹೋದರೂ ಸೆಳೆತ ಬಹಳ ಕುಗ್ಗುತ್ತದೆ. ಆಯಿಲ್ ರಭಸದಿಂದ ಹಾಯುವಲ್ಲಿ ಎಷ್ಟು ಬಲವಾದದ್ದನ್ನು ಇಟ್ಟರೂ ನುಣ್ಣನೆಯ ಪುಡಿ ಕೈತಪ್ಪುತ್ತದೆ. ತಳದಲ್ಲಿ, ಕ್ರೌನಿನ ಹೊಡೆತ ತಾಗದ, ಆಯಿಲ್ ತುಸು ನಿಧಾನಿಸುವ ಮೂಲೆಯೇ ಸರಿಯಾದ ಜಾಗ. ಹೌಸಿಂಗಿನ ಹೊರಮೈಗೆ ಅಯಸ್ಕಾಂತ ಅಂಟಿಸುವವರೂ ಇದ್ದಾರೆ. ಎರಕದ ಕಬ್ಬಿಣದ ದಪ್ಪ ಗೋಡೆ ಕಾಂತಬಲವನ್ನು ಬಹುತೇಕ ತನ್ನೊಳಗೇ ತಿರುಗಿಸಿಕೊಳ್ಳುವುದರಿಂದ ಒಳಗಿನ ಆಯಿಲ್ಲಿಗೆ ದಕ್ಕುವುದು ಅತ್ಯಲ್ಪ.

ಶಕ್ತಿಯ ಹಿಂದೆ ಬಿದ್ದವರು ನಿಯೋಡಿಮಿಯಮ್ ಕೇಳುತ್ತಾರೆ. 1980ರ ದಶಕದಲ್ಲಿ ಬಂದ ಈ ಅಯಸ್ಕಾಂತ ನಿಜಕ್ಕೂ ಬಲಶಾಲಿ. ಆದರೆ ಅದರ ಸಾಮಾನ್ಯ ದರ್ಜೆಗೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆಯತೊಡಗುತ್ತದೆ, ಮತ್ತೆ ತಣ್ಣಗಾದರೂ ಹೋದದ್ದು ಬರುವುದಿಲ್ಲ. ಘಾಟಿ ಹತ್ತುವ ಗಾಡಿಯ ಗೇರ್ ಆಯಿಲ್ ಆ ಬಿಸಿಯನ್ನು ಮೀರಬಲ್ಲದು. ಬಿಸಿ ತಾಳುವ ದರ್ಜೆ ಸಿಗದಿದ್ದರೆ ಹಳೆಯ ಫೆರೈಟ್ ಬಿಲ್ಲೆಯೇ ವಾಸಿ.

ಇನ್ನು ಪ್ಲಗ್ಗನ್ನು ಓದುವ ಕೆಲಸ. ಪಳಗಿದ ಮೆಕ್ಯಾನಿಕ್ಕು ಲೇಪವನ್ನು ಬಿಳಿ ಬಟ್ಟೆಗೆ ಒರೆಸಿ, ಡೀಸೆಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿಯುತ್ತಾರೆ. ಎಲ್ಲವೂ ನುಣ್ಣನೆಯ ಪುಡಿಯಾದರೆ ಮಾಮೂಲಿ ಸವೆತ. ತೆಳ್ಳಗೆ ಚಪ್ಪಟೆಯಾಗಿ ಹೊಳೆಯುವ ಚಕ್ಕೆಗಳು ಕಂಡರೆ ಬೇರಿಂಗಿನದೋ ಹಲ್ಲಿನದೋ ಮೈ ಕಿತ್ತುಬರುತ್ತಿದೆ ಎಂದರ್ಥ. ಕೈಗೆ ತೂಕ ತಿಳಿಯುವಂಥ, ಒಡೆದ ಮಗ್ಗುಲು ಬೂದುಬಣ್ಣಕ್ಕೆ ಒರಟಾಗಿರುವ ತುಂಡು ಬಂದರೆ "ಅಣ್ಣಾ, ಹಲ್ಲು ಬಂದಿದೆ, ಬಿಚ್ಚಲೇಬೇಕು" ಎನ್ನುತ್ತಾರೆ. ಅದಾದ ಮೇಲೆ ಚೌಕಾಸಿಗೆ ಎಡೆಯಿಲ್ಲ. ಥ್ರಸ್ಟ್ ವಾಷರ್ ಕಂಚಿನದಾಗಿದ್ದರೆ ಅದರ ಚೂರು ಅಯಸ್ಕಾಂತಕ್ಕೆ ಸಿಗುವುದಿಲ್ಲ. ಹೊರಗಿನಿಂದ ಸೇರಿದ ಧೂಳೂ ಸಿಗುವುದಿಲ್ಲ. ಅದಕ್ಕಾಗಿ ಇಳಿಸಿದ ಆಯಿಲ್ಲನ್ನೇ ಬಾಣಲೆಯಲ್ಲಿ ಓರೆ ಮಾಡಿ ಹಳದಿ ಮಿನುಗು ಇದೆಯೇ ಎಂದು ನೋಡಬೇಕು.

ಇದೇ ಉಪಾಯವನ್ನು ಹೆಲಿಕಾಪ್ಟರಿನ ಗೇರ್‌ಬಾಕ್ಸಿನಲ್ಲಿ ಇನ್ನಷ್ಟು ಚೊಕ್ಕಗೊಳಿಸಿದ್ದಾರೆ. ಅಲ್ಲಿನ ಕಾಂತೀಯ ಪ್ಲಗ್ಗಿನಲ್ಲಿ ವಿದ್ಯುತ್ತಿನ ಎರಡು ತುದಿಗಳ ನಡುವೆ ಕಿರಿದಾದ ಸಂದು ಇರುತ್ತದೆ. ಉಕ್ಕಿನ ಚೂರು ಬಂದು ಆ ಸಂದನ್ನು ಕೂಡಿಸಿದರೆ ಪೈಲಟ್ ಎದುರು ದೀಪ ಹತ್ತುತ್ತದೆ. ನುಣ್ಣನೆಯ ಮಾಮೂಲಿ ಪುಡಿಯಿಂದಲೂ ದೀಪ ಹತ್ತಬಹುದಲ್ಲ? ಹಲವು ಹೆಲಿಕಾಪ್ಟರುಗಳಲ್ಲಿ ಕ್ಷಣಮಾತ್ರ ಜೋರು ಕರೆಂಟು ಹರಿಸಿ ಆ ಪುಡಿಯನ್ನು ಸುಟ್ಟುಬಿಡುವ ಏರ್ಪಾಡಿದೆ. ನಿಜವಾದ ಚಕ್ಕೆಯಾದರೆ ಸುಡುವುದಿಲ್ಲ, ದೀಪ ಆರುವುದಿಲ್ಲ. ಮಾಮೂಲಿ ಸವೆತ ಯಾವುದು, ಕೇಡು ಯಾವುದು ಎಂದು ಹಾರಾಟದ ನಡುವೆಯೇ ಬೇರ್ಪಡಿಸುವ ಈ ಯೋಚನೆಗೆ ತಲೆದೂಗಲೇಬೇಕು.

ಲಾರಿಗೆ ಅಂಥ ದೀಪವಿಲ್ಲ, ಪ್ಲಗ್ ಬಿಚ್ಚಿದಾಗಲೇ ಸಂಗತಿ ಗೊತ್ತಾಗುವುದು. ಆದ್ದರಿಂದ ತಿರುಗಿ ಹಾಕುವ ಮುನ್ನ ಅಯಸ್ಕಾಂತದ ಬುಡದ ಸಂದಿಯವರೆಗೂ ಒರೆಸಬೇಕು. ಹಳೆಯ ಲೇಪ ಉಳಿದರೆ ಮುಂದಿನ ಸಲ ಯಾವುದು ಹೊಸ ಸವೆತವೆಂದು ಹೇಳಲು ಬರುವುದಿಲ್ಲ. ಹೊಸ ವಾಷರ್ ಹಾಕಿ ಪ್ಲಗ್ ಬಿಗಿದು, ಲೆವೆಲ್ ತೂತಿನ ಅಂಚಿನವರೆಗೆ ಆಯಿಲ್ ತುಂಬಿಸಿ, ಅಂದಿನ ಕಿಲೋಮೀಟರನ್ನೂ ಪ್ಲಗ್ಗಿನಲ್ಲಿ ಕಂಡದ್ದನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಬೇಕು.