ಒಕ್ಕಲು ಮನೆಯಲ್ಲಿ ಸಣ್ಣ ಟ್ಯಾಬ್ಲೆಟ್ಟಿನ ಉಪಯೋಗ

ನೇಗಿಲನ್ನು ಕೊಳ್ಳುವ ಆರಂಬಗಾರನು ಅದರ ಬಣ್ಣವನ್ನು ನೋಡಿ ಕೊಳ್ಳುವುದಿಲ್ಲ. ತನ್ನ ಭೂಮಿಯ ಮಣ್ಣು ಎಂತಹುದು, ತನ್ನ ಎತ್ತುಗಳ ಶಕ್ತಿ ಎಷ್ಟು ಎಂಬುದನ್ನು ಯೋಚಿಸಿ ಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ಹಳ್ಳಿಯ ಮನೆಗಳಿಗೂ ಬಂದು ಸೇರುತ್ತಿರುವ ಟ್ಯಾಬ್ಲೆಟ್ ಎಂಬ ಸಣ್ಣ ಯಂತ್ರದ ವಿಷಯದಲ್ಲಿಯೂ ಇದೇ ವಿವೇಕವು ಅವಶ್ಯಕ. ಕ್ರಯವು ಕಡಮೆಯೆಂಬ ಒಂದೇ ಕಾರಣದಿಂದ ಕೊಂಡ ಟ್ಯಾಬ್ಲೆಟ್ಟು ಕೆಲವು ತಿಂಗಳುಗಳಲ್ಲಿಯೇ ಮಕ್ಕಳ ಆಟದ ಸಾಮಾನಾಗುವುದುಂಟು. ಮಾಡಬೇಕಾದ ಕೆಲಸವನ್ನು ಮೊದಲು ಗೊತ್ತುಮಾಡಿಕೊಂಡು ಕೊಂಡದ್ದಾದರೆ, ಅಷ್ಟೇ ಹಣಕ್ಕೆ ದೊರೆಯುವ ಯಂತ್ರವು ವರ್ಷವೆಲ್ಲಾ ದುಡಿಯುತ್ತದೆ.

ಟ್ಯಾಬ್ಲೆಟ್ಟು ಶಾಲೆಯ ಮಕ್ಕಳ ಸ್ಲೇಟನ್ನು ಹೋಲುವ ಸಾಧನ. ಸಣ್ಣ ಜಾತಿಯದರ ಪರದೆಯು ಮೂಲೆಯಿಂದ ಮೂಲೆಗೆ 7 ಅಥವಾ 8 ಅಂಗುಲವಿರುತ್ತದೆ. ಮೊಬೈಲ್ ಫೋನು ಮಾಡುವ ಕೆಲಸಗಳಲ್ಲಿ ಹೆಚ್ಚಿನವನ್ನು ಇದೂ ಮಾಡುತ್ತದೆ. ಆದರೆ ಅಕ್ಷರಗಳು ದೊಡ್ಡವಾಗಿ ಕಾಣುವುದರಿಂದ, ದೃಷ್ಟಿ ಮಂದವಾದ ಹಿರಿಯರು ಕೂಡ ತಮ್ಮ ಪಹಣಿಯನ್ನು ಮತ್ತೊಬ್ಬರ ಕೈಯಲ್ಲಿ ಓದಿಸದೆ ತಾವೇ ಓದಿಕೊಳ್ಳಬಹುದು.

ಹಿಂದಿನ ಅನುಭವ

ಕಡಮೆ ಕ್ರಯದ ಇಂತಹ ಯಂತ್ರವನ್ನು ಜನಸಾಮಾನ್ಯರಿಗೆ ಒದಗಿಸುವ ಪ್ರಯತ್ನವು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಇತರರೊಡನೆ ಕೂಡಿ ಸಿಂಪ್ಯೂಟರ್ ಎಂಬ ಕೈಯಂತ್ರವನ್ನು ಯೋಜಿಸಿದರು. ಇಂಗ್ಲಿಷ್ ಬಾರದವರೂ ಇದನ್ನು ಉಪಯೋಗಿಸಬೇಕು, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬೇಕು ಎಂಬುದೇ ಅವರ ಉದ್ದೇಶ. ಅದು 2004ರಲ್ಲಿ ಮಾರಾಟಕ್ಕೆ ಬಂದಿತಾದರೂ, ಕ್ರಯವು ಹಳ್ಳಿಗರ ಕೈಗೆ ನಿಲುಕುವಷ್ಟು ಇಳಿಯದೆ, ಹೆಚ್ಚಾಗಿ ಹರಡಲಿಲ್ಲ.

ಅನಂತರ 2011ನೆಯ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರದವರು ವಿದ್ಯಾರ್ಥಿಗಳಿಗಾಗಿ ಆಕಾಶ್ ಎಂಬ 7 ಅಂಗುಲದ ಟ್ಯಾಬ್ಲೆಟ್ಟನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿದರು. ಕ್ರಯವೇನೋ ಬಹಳ ಕಡಮೆ; ಒಂದಕ್ಕೆ ಸುಮಾರು 2,276 ರೂಪಾಯಿ. ಆದರೆ ಅದರ ರ‍್ಯಾಮ್ ಎಂಬ ಕೆಲಸದ ಸ್ಮರಣೆಯು 256 ಎಂಬಿ ಮಾತ್ರವಾಗಿದ್ದಿತು. ಪರದೆಯನ್ನು ಬೆರಳಿನಿಂದ ಒತ್ತಬೇಕಾಗಿದ್ದಿತು. ಕೆಲಸವು ನಿಧಾನ, ಬ್ಯಾಟರಿಯು ಬೇಗನೆ ಬರಿದಾಗುವುದು ಎಂಬ ದೂರುಗಳು ಬಂದುವು. ಮುಂದಿನ ವರ್ಷದ ನವೆಂಬರಿನಲ್ಲಿ ಹೊರಟ ಎರಡನೆಯ ಆಕಾಶದಲ್ಲಿ ಈ ಲೋಪಗಳನ್ನು ಬಹುಮಟ್ಟಿಗೆ ತಿದ್ದಬೇಕಾಯಿತು. ಸಿಂಪ್ಯೂಟರು ಕೆಲಸಕ್ಕೆ ತಕ್ಕುದಾಗಿದ್ದರೂ ಕ್ರಯದಿಂದ ಸೋತಿತು. ಮೊದಲನೆಯ ಆಕಾಶವು ಕ್ರಯದಲ್ಲಿ ಗೆದ್ದರೂ ಕೆಲಸದಲ್ಲಿ ಸೋತಿತು. ಕೊಳ್ಳುವವರು ಈ ಎರಡನ್ನೂ ನೆನಪಿನಲ್ಲಿಡತಕ್ಕದ್ದು.

ದಿನಚರಿಯಲ್ಲಿ ಉಪಯೋಗ

ಐದಾರು ಎಕರೆ ಖುಷ್ಕಿಯೂ ಸ್ವಲ್ಪ ಬಾಗಾಯ್ತೂ ಇರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ, 2019ರಲ್ಲಿ ಆರಂಭವಾದ ಮೇಘದೂತ್ ಎಂಬ ಆ್ಯಪಿನಲ್ಲಿ ಜಿಲ್ಲೆಯ ಹವಾಮಾನದ ಮುನ್ಸೂಚನೆಯನ್ನೂ ಬೆಳೆಗಳ ಬಗ್ಗೆ ಕೊಡುವ ಸಲಹೆಯನ್ನೂ ನೋಡಬಹುದು. ಮಳೆಯ ಸೂಚನೆಯಿರುವ ದಿನ ಔಷಧಿ ಸಿಂಪಡಿಸಿದರೆ ಔಷಧಿಯೂ ಕೂಲಿಯೂ ನೀರಿನೊಡನೆ ಕೊಚ್ಚಿಹೋಗುತ್ತವೆ. ಅಂತಹ ಒಂದು ದಿನದ ಸಿಂಪರಣೆಯನ್ನು ಮುಂದಕ್ಕೆ ಹಾಕಿದರೂ ಆ ಉಳಿತಾಯವು ಸಾಮಾನ್ಯವಾದುದಲ್ಲ.

ಫಸಲು ಕೈಗೆ ಬಂದಾಗ, ಗಾಡಿ ಹೂಡುವ ಮೊದಲು ಸುತ್ತಲಿನ ಎರಡು ಮೂರು ಮಾರುಕಟ್ಟೆಗಳ ಹಿಂದಿನ ದಿನದ ಧಾರಣೆಯನ್ನು ಕೃಷಿ ಮಾರಾಟ ವಾಹಿನಿಯಲ್ಲಿ ನೋಡಿಕೊಳ್ಳುವುದು ಮೇಲು. ಧಾರಣೆಯನ್ನು ತಿಳಿಯದೆ ಹೋದವನು ದಲ್ಲಾಳಿಯು ಹೇಳಿದ್ದನ್ನೇ ನಂಬಬೇಕಾಗುತ್ತದೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಸೇರಿರುವುದರಿಂದ, ತನ್ನ ಸರ್ವೆ ನಂಬರಿನಲ್ಲಿ ಯಾರ ಹೆಸರಿದೆ, ಯಾವ ಸಾಲದ ಋಣಭಾರವಿದೆ ಎಂಬುದನ್ನು ಮನೆಯಲ್ಲಿ ಕುಳಿತೇ ಪರೀಕ್ಷಿಸಬಹುದು. ಸಂಜೆ ಬೀಜ, ಗೊಬ್ಬರ, ಕೂಲಿಗಳ ಲೆಕ್ಕವನ್ನು ಬರೆದಿಡುವುದಕ್ಕೂ, ದೀಕ್ಷಾ ಆ್ಯಪಿನಲ್ಲಿ ಮಕ್ಕಳ ಪಾಠವನ್ನು ನೋಡುವುದಕ್ಕೂ ಅದೇ ಯಂತ್ರವು ಸಾಕು.

ಬೆಳೆ ಸಮೀಕ್ಷೆ

ಮೇಲಿನವು ಅನುಕೂಲದ ಮಾತುಗಳಾದರೆ, ಬೆಳೆ ಸಮೀಕ್ಷೆಯು ನಷ್ಟ ಲಾಭಗಳ ಮಾತು. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತನು ತನ್ನ ಬೆಳೆಯ ವಿವರವನ್ನು ತಾನೇ ಆ್ಯಪಿನ ಮೂಲಕ ದಾಖಲು ಮಾಡುವ ಏರ್ಪಾಡಾಗಿದೆ. ಹೊಲದಲ್ಲಿಯೇ ನಿಂತು ಬೆಳೆಯ ಚಿತ್ರವನ್ನು ತೆಗೆದು ಕಳುಹಿಸಬೇಕು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರ ಇವೆಲ್ಲಕ್ಕೂ ಈ ದಾಖಲೆಯೇ ಆಧಾರವಾಗುತ್ತದೆ.

ತೊಗರಿಗೆ ವಿಮೆ ಕಟ್ಟಿದ ಹೊಲದಲ್ಲಿ ದಾಖಲೆಯು ಬೇರೆ ಬೆಳೆಯನ್ನು ಹೇಳಿದರೆ, ಕಂತು ಕಟ್ಟಿದ ಹಣವೂ ಪರಿಹಾರವೂ ಎರಡೂ ಅಪಾಯಕ್ಕೆ ಸಿಕ್ಕುತ್ತವೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಹಾಕುವವರು ಮಿಶ್ರಬೆಳೆಯೆಂದು ಸರಿಯಾಗಿ ತೋರಿಸತಕ್ಕದ್ದು. ರೈತನು ತಾನು ಮಾಡದಿದ್ದರೆ ಸಮೀಕ್ಷೆಗೆ ನೇಮಕವಾದ ಬೇರೆಯವರು ಮಾಡುತ್ತಾರೆ. ಅವರು ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಬೆಳೆ ದರ್ಶಕ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ವಾಯಿದೆಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಕಟಾವಾದ ಮೇಲೆ ಎದ್ದ ತಕರಾರಿಗೆ ಹೊಲದಲ್ಲಿ ಸಾಕ್ಷಿ ಉಳಿಯುವುದಿಲ್ಲ.

ಕೊಳ್ಳುವಾಗ ನೋಡತಕ್ಕ ಅಂಶಗಳು

ಇಲ್ಲಿಯೇ ಅನೇಕರು ಮೋಸಹೋಗುವುದು. ಅತಿ ಕಡಮೆ ಕ್ರಯದ ಟ್ಯಾಬ್ಲೆಟ್ಟುಗಳಲ್ಲಿ ಹಲವು ವೈಫೈ ಮಾತ್ರ ಉಳ್ಳವು. ಅವಕ್ಕೆ ಸಿಮ್ ಹಾಕುವ ಸ್ಥಳವಿರುವುದಿಲ್ಲ. ಇಂಟರ್‌ನೆಟ್ಟನ್ನು ಫೋನಿನಿಂದ ಹಂಚಿಕೊಳ್ಳಬಹುದು. ಆದರೆ ಇಂತಹ ಅನೇಕ ಯಂತ್ರಗಳಲ್ಲಿ, ಉಪಗ್ರಹಗಳ ಸಹಾಯದಿಂದ ಸ್ಥಳವನ್ನು ಗುರುತಿಸುವ ಜಿಪಿಎಸ್ ಎಂಬ ಭಾಗವೂ ಇರುವುದಿಲ್ಲ. ಅದಿಲ್ಲದ ಯಂತ್ರವನ್ನು ಹೊಲಕ್ಕೆ ಒಯ್ದರೆ, ತಾನು ಯಾವ ಸರ್ವೆ ನಂಬರಿನಲ್ಲಿ ನಿಂತಿರುವೆನೆಂಬುದೇ ಅದಕ್ಕೆ ಸರಿಯಾಗಿ ತಿಳಿಯದು; ಬೆಳೆ ಸಮೀಕ್ಷೆಗೆ ಅದು ನಿರುಪಯೋಗಿ. ಆದುದರಿಂದ ಸಿಮ್ ಮತ್ತು ಜಿಪಿಎಸ್ ಎರಡೂ ಇವೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ, ಅಂಗಡಿಯವನಿಂದ ತೋರಿಸಿಕೊಂಡು, ಆಮೇಲೆ ಹಣ ಕೊಡತಕ್ಕದ್ದು.

ರ‍್ಯಾಮ್ 4 ಜಿಬಿಗೆ ಕಡಮೆಯಿಲ್ಲದಿರುವುದು ಲೇಸು. ಇದು ಮೊದಲನೆಯ ಆಕಾಶದ ಹದಿನಾರರಷ್ಟು. ಪರದೆಯನ್ನು ಅಂಗಡಿಯ ನೆರಳಿನಲ್ಲಿ ಮಾತ್ರವಲ್ಲದೆ ಬಿಸಿಲಿಗೆ ತಂದು ನೋಡಬೇಕು. ಕಡಮೆ ಬೆಳಕಿನ ಪರದೆಯು ಹೊಲದ ಬಿಸಿಲಿನಲ್ಲಿ ಕನ್ನಡಿಯಂತೆ ಮುಖವನ್ನೇ ತೋರಿಸುವುದು. ರಸೀತಿಯನ್ನೂ ವಾರಂಟಿಯ ಕಾಗದವನ್ನೂ ಪಹಣಿಯಷ್ಟೇ ಜೋಪಾನವಾಗಿ ಇಡಬೇಕು.

ಜೋಪಾನ ಮತ್ತು ಎಚ್ಚರಿಕೆ

ಯಂತ್ರವನ್ನು ಬಿಸಿಲಿನಲ್ಲಿ, ಟ್ರಾಕ್ಟರಿನ ಮೇಲೆ, ಒಲೆಯ ಬಳಿಯಲ್ಲಿ ಇಡಕೂಡದು. ಕಾವು ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಬೆನ್ನಿನ ಭಾಗವು ಊದಿಕೊಂಡಂತೆ ಕಂಡರೆ ಆ ಕ್ಷಣವೇ ಉಪಯೋಗವನ್ನು ನಿಲ್ಲಿಸತಕ್ಕದ್ದು. ಅದನ್ನು ಚುಚ್ಚುವುದಾಗಲಿ ಮತ್ತೆ ಚಾರ್ಜು ಮಾಡುವುದಾಗಲಿ ಬೆಂಕಿಗೆ ಕಾರಣವಾದೀತು.

ಇದಕ್ಕಿಂತ ದೊಡ್ಡ ಅಪಾಯವು ಹೊರಗಿನಿಂದ ಬರುತ್ತದೆ. ಪಿಎಂ-ಕಿಸಾನ್ ಯೋಜನೆಯ ಹೆಸರನ್ನು ಹೇಳಿ, ವಾಟ್ಸ್‌ಆ್ಯಪಿನಲ್ಲಿ ಎಪಿಕೆ ಎಂಬ ಕಡತವನ್ನು ಕಳುಹಿಸಿ, ಅದನ್ನು ಒತ್ತಿದವರ ಬ್ಯಾಂಕಿನ ಹಣವನ್ನು ಅಪಹರಿಸುವ ವಂಚಕರಿದ್ದಾರೆ. ಸರ್ಕಾರದ ಆ್ಯಪುಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಬೇಕು. ಒಟಿಪಿಯ ಅಂಕಿಗಳನ್ನು, ಕೇಳುವವರು ಅಧಿಕಾರಿಯೆಂದು ಹೇಳಿಕೊಂಡರೂ, ಯಾರಿಗೂ ತಿಳಿಸಬಾರದು. ಹಣವು ಹೋದುದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಕರೆ ಮಾಡತಕ್ಕದ್ದು. ತಡವಾದಷ್ಟೂ ಹಣವು ಕೈತಪ್ಪುತ್ತದೆ. ಬೇಸಾಯದ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಸಂಖ್ಯೆಯಲ್ಲಿ ಖರ್ಚಿಲ್ಲದೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ.

ಗ್ರಾಮದ ಮುಖಂಡರು ಮಾಡಬಹುದಾದ ಉಪಕಾರ

ಪ್ರತಿಯೊಂದು ಮನೆಯೂ ಟ್ಯಾಬ್ಲೆಟ್ಟನ್ನು ಕೊಳ್ಳಬೇಕೆಂಬುದಿಲ್ಲ. ಅನುಕೂಲಸ್ಥರಾದ ಒಬ್ಬ ಜಮೀನುದಾರರು ತಮ್ಮ ಯಂತ್ರವನ್ನು ಬೆಳೆ ಸಮೀಕ್ಷೆಯ ಕಾಲದಲ್ಲಿ ನೆರೆಹೊರೆಯ ಸಣ್ಣ ಹಿಡುವಳಿದಾರರಿಗೂ ಒದಗಿಸಿದರೆ, ಓದುಬರಹ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಅವರ ಹೊಲಕ್ಕೂ ಹೋಗಿ ಚಿತ್ರ ತೆಗೆದು ಕಳುಹಿಸಬಹುದು. ವಾರಕ್ಕೊಂದು ಸಂಜೆ ಅರಳಿಕಟ್ಟೆಯಲ್ಲಿ ಹವಾಮಾನವನ್ನೂ ಧಾರಣೆಯನ್ನೂ ಎಲ್ಲರಿಗೂ ಕೇಳುವಂತೆ ಓದಿ ಹೇಳಬಹುದು. ಒಂದು ಯಂತ್ರವನ್ನು ಊರು ಹಂಚಿಕೊಳ್ಳಬೇಕೆಂದು ಸಿಂಪ್ಯೂಟರನ್ನು ಯೋಜಿಸಿದವರು ಬಯಸಿದ್ದುದೂ ಇದನ್ನೇ. ಈ ಮುಂಗಾರಿನ ಸಮೀಕ್ಷೆಯ ವಾಯಿದೆ ಮುಗಿಯುವುದರೊಳಗೆ ತಮ್ಮ ಗ್ರಾಮದ ಯಾವ ಹೊಲವೂ ದಾಖಲೆಯಿಂದ ತಪ್ಪಿಹೋಗದಂತೆ ನೋಡಿಕೊಂಡ ಮುಖಂಡರು, ಬರಗಾಲ ಬಂದ ವರ್ಷದಲ್ಲಿ ತಮ್ಮ ಜನರ ಕಷ್ಟವನ್ನು ಮುಂಚಿತವಾಗಿಯೇ ಸ್ವಲ್ಪ ಹಗುರ ಮಾಡಿದವರಾಗುವರು.