ಕೀಲ್‌ನ ಬಿರುಕು: ಮೆತ್ತಿದರೆ ಮುಚ್ಚೀತು, ಮಾಯದು

ಹಾಯಿಗೆ ಬಡಿಯುವ ಗಾಳಿ ದೋಣಿಯನ್ನು ಮುಂದಕ್ಕೆ ನೂಕುವುದಷ್ಟೇ ಅಲ್ಲ, ಪಕ್ಕಕ್ಕೂ ವಾಲಿಸುತ್ತದೆ. ಅದು ಮಗುಚದಂತೆ ಕಾಯುವುದು ತಳದಿಂದ ನೀರೊಳಗೆ ಇಳಿಬಿದ್ದಿರುವ ಭಾರವಾದ ಕೀಲ್. ಅಮೆರಿಕದಲ್ಲಿ 1970ರ ದಶಕದಿಂದ ತಯಾರಾಗಿ ಬಹಳ ಜನಪ್ರಿಯವಾದ ಕ್ಯಾಟಲಿನಾ 30 ಹಾಯಿದೋಣಿಯಲ್ಲಿ ಈ ಸೀಸದ ಕೀಲ್ ಸುಮಾರು 1,900 ಕಿಲೋ ತೂಗುತ್ತದೆ. ದೋಣಿ ವಾಲಿದಾಗಲೆಲ್ಲ ಆ ಭಾರ ಸನ್ನೆಯಾಗಿ ತನ್ನ ಬುಡವನ್ನೇ ಮೀಟುತ್ತದೆ. ಅದನ್ನು ತಾಳಬೇಕಾದವು ಕೀಲ್ ಬೋಲ್ಟುಗಳು ಮತ್ತು ಅವು ಹಾದುಹೋಗುವ ಫೈಬರ್‌ಗ್ಲಾಸ್ ತಳ.

ಹಳೆಯ ಕ್ಯಾಟಲಿನಾ 30 ದೋಣಿಗಳಲ್ಲಿ ಕೀಲ್ ಮತ್ತು ತಳ ಸೇರುವೆಡೆ, ಮುಂಭಾಗದಲ್ಲಿ, ಬಾಗಿದ ಬಿರುಕೊಂದು ಕಾಣಿಸಿಕೊಳ್ಳುವುದುಂಟು. ಹಾಯಿಗಾರರು ಇದನ್ನು ‘ಕ್ಯಾಟಲಿನಾ ಸ್ಮೈಲ್’ ಎನ್ನುತ್ತಾರೆ. ಆ ಮಾದರಿಯ ಆರಂಭದ ದೋಣಿಗಳ ತಳದಲ್ಲಿ ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ ಇತ್ತು. ಬೋಲ್ಟಿನ ರಂಧ್ರದಿಂದ ನೀರು ಜಿನುಗಿದರೆ ಮರ ಕೊಳೆತು ಮೆತ್ತಗಾಗುತ್ತದೆ, ಬೋಲ್ಟಿನ ಹಿಡಿತ ಸಡಿಲವಾಗುತ್ತದೆ. ನಟ್ಟನ್ನು ಮತ್ತೆ ಬಿಗಿದರೆ ಕೊಳೆತ ಮರ ಇನ್ನಷ್ಟು ನಜ್ಜಾಗುತ್ತದೆ, ಅಷ್ಟೆ.

ಬೋಲ್ಟಿನ ಕಥೆ ಬೇರೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟನ್ನು ತುಕ್ಕಿನಿಂದ ಕಾಪಾಡುವುದು ಅದರ ಮೈಮೇಲಿನ ತೆಳುವಾದ ಕ್ರೋಮಿಯಂ ಆಕ್ಸೈಡ್ ಪೊರೆ. ಈ ಪೊರೆ ಹರಿದಲ್ಲೆಲ್ಲ ತಾನೇ ಕೂಡಿಕೊಳ್ಳಲು ಆಮ್ಲಜನಕ ಬೇಕು. ಇಕ್ಕಟ್ಟಾದ ಸಂದಿಯಲ್ಲಿ ನಿಂತ ಉಪ್ಪುನೀರಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ದೋಣಿಯೊಳಗೆ ಕಾಣುವ ತುದಿ ಫಳಫಳ ಹೊಳೆಯುತ್ತಿದ್ದರೂ ಕಣ್ಣಿಗೆ ಬೀಳದ ನಡುಭಾಗ ಸವೆದು ಸಣ್ಣಗಾಗಿರಬಹುದು.

ಆದ್ದರಿಂದ ಸರಿಯಾದ ದುರಸ್ತಿ ಶುರುವಾಗುವುದು ಪುಟ್ಟಿಯಿಂದಲ್ಲ, ಗ್ರೈಂಡರಿನಿಂದ. ಕೊಳೆತ ಮರವನ್ನೂ ಬಿಟ್ಟುಕೊಂಡ ಪದರಗಳನ್ನೂ ಗಟ್ಟಿ ಭಾಗ ಸಿಗುವವರೆಗೆ ತೆಗೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸಬೇಕು. ತಳದ ಫೈಬರ್‌ಗ್ಲಾಸಿನಲ್ಲಿರುವ ಹಳೆಯ ಪಾಲಿಯೆಸ್ಟರ್ ರಾಳ ಎಂದೋ ಗಟ್ಟಿಯಾಗಿ ಮುಗಿದಿದೆ. ಹೊಸ ಪದರ ಅದರೊಂದಿಗೆ ರಾಸಾಯನಿಕವಾಗಿ ಬೆರೆಯುವುದಿಲ್ಲ, ಉಜ್ಜಿ ಒರಟಾಗಿಸಿದ ಮೈಯನ್ನು ಕಚ್ಚಿ ಹಿಡಿಯುತ್ತದೆ. ಈ ಹಿಡಿತದಲ್ಲಿ ಎಪಾಕ್ಸಿ ರಾಳದ್ದೇ ಮೇಲುಗೈ. ಅಂಚನ್ನು ಕಡಿದಾಗಿ ಬಿಡದೆ 12ಕ್ಕೆ 1ರಂತೆ ಇಳಿಜಾರಾಗಿಸುವುದು ರೂಢಿ: ತಳ 10 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು 120 ಮಿಲಿಮೀಟರ್. ಗಾಜಿನ ಎಳೆಗಳು ಕಡಿದಲ್ಲಿ ಭಾರ ಹಳೆಯ ಎಳೆಯಿಂದ ಹೊಸ ಎಳೆಗೆ ದಾಟಬೇಕಾದದ್ದು ನಡುವಿನ ಅಂಟಿನ ಮೂಲಕವೇ. ಅಂಟಿನ ಹರವು ಹೆಚ್ಚಿದಷ್ಟೂ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ತಗ್ಗುತ್ತದೆ. ಹೊಸ ಗಾಜಿನ ಬಟ್ಟೆಯನ್ನು ಒಂದೇ ಸಲ ದಪ್ಪಗೆ ಪೇರಿಸುವಂತೆಯೂ ಇಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ, ದಪ್ಪ ರಾಶಿಯಲ್ಲಿ ಅದು ಹೊರಹೋಗದೆ ಪದರವನ್ನೇ ಕೆಡಿಸುತ್ತದೆ.

ಇಷ್ಟೆಲ್ಲ ಜಾಗ್ರತೆ ಏಕೆಂಬುದಕ್ಕೆ 2014ರ ಮೇ ತಿಂಗಳಿನ ದುರಂತ ಸಾಕ್ಷಿ. ಆಂಟಿಗುವಾದಿಂದ ಬ್ರಿಟನ್ನಿಗೆ ಮರಳುತ್ತಿದ್ದ ಚೀಕಿ ರಫೀಕಿ ಎಂಬ ಹಾಯಿದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿತು. ಅದರಲ್ಲಿದ್ದ ನಾಲ್ವರೂ ಬದುಕುಳಿಯಲಿಲ್ಲ. ಹಿಂದೆ ತಳ ನೆಲಕ್ಕೆ ತಾಗಿದ ಘಟನೆಗಳು, ಆಮೇಲಿನ ದುರಸ್ತಿಗಳು ಎರಡೂ ಸೇರಿ ಕೀಲ್ ಕೂರುವ ಜಾಗವನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ 2015ರಲ್ಲಿ ವರದಿ ಮಾಡಿತು.

ಹಳೆಯ ಹಾಯಿದೋಣಿ ಕೊಳ್ಳುವವರು ತಳದ ಹೊಸ ಬಣ್ಣಕ್ಕೆ ಮರುಳಾಗಬಾರದು. ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ದನಿ ಮಂಕಾಗಿದ್ದರೆ ಒಳಗೆ ಪದರ ಬಿಟ್ಟಿರುವ ಸಾಧ್ಯತೆಯಿದೆ. ಜೊತೆಗೆ ಒಂದು ಬೋಲ್ಟನ್ನಾದರೂ ತಜ್ಞರಿಂದ ಹೊರತೆಗೆಸಿ ಪರೀಕ್ಷಿಸಿ, ಆಮೇಲೆ ಬೆಲೆಯ ಮಾತಾಡಿ.